ಶನಿವಾರ ಘಟ್ಟ ಇಳಿಯಿರಿ, ಭಾನುವಾರ ಬೆಳಕಿರುವಾಗಲೇ ಹತ್ತಿ

ಪ್ರಶ್ನೆ: ಅಕ್ಕಾ, ನಾವು ಐದು ಜನ ಗೆಳೆಯರು. ಈಗಷ್ಟೇ ಕೆಲಸಕ್ಕೆ ಸೇರಿದ್ದೇವೆ. ಒಬ್ಬನ ಅಪ್ಪನ ಕಾರು ಸಿಗುತ್ತದೆ. ತಲಾ 2,000 ರೂಪಾಯಿ ಹಾಕಬಹುದು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಶುಕ್ರವಾರ ರಾತ್ರಿ ಡ್ಯೂಟಿ ಮುಗಿಸಿ ಹೊರಟರೆ ಭಾನುವಾರದೊಳಗೆ ಗೋಕರ್ಣ, ಯಾಣ, ಮುರ್ಡೇಶ್ವರ, ಕಾರವಾರ ಎಲ್ಲ ನೋಡಿ ಬರಬಹುದಾ?
— ಓದುಗ, ಹುಬ್ಬಳ್ಳಿ

ಉತ್ತರ: ಬರಬಹುದು ತಮ್ಮಾ, ಆದರೆ ನೀವು ನೋಡುವುದು ಬರೀ ರಸ್ತೆ. ಅಂಕೋಲಾದಲ್ಲಿ ಇಳಿದ ಮೇಲೆ ಕಾರವಾರ ಬಲಕ್ಕೆ, ಮುರ್ಡೇಶ್ವರ ಎಡಕ್ಕೆ. ಯಾಣ ಕಾಡಿನೊಳಗೆ, ಅದಕ್ಕೇ ಅರ್ಧ ದಿನ ಬೇಕು. ನಾಲ್ಕನ್ನೂ ಹಿಡಿಯಲು ಹೋದರೆ ಎರಡು ದಿನ ಕಾರಲ್ಲೇ ಕಳೆಯುತ್ತದೆ, ದುಡ್ಡೆಲ್ಲ ಪೆಟ್ರೋಲಿಗೆ ಹೋಗುತ್ತದೆ. ನಾನು ಕುಮಟಾದವಳು. ನನ್ನ ಮಾತು ಕೇಳುವುದಾದರೆ ಗೋಕರ್ಣ ಒಂದನ್ನೇ ಇಟ್ಟುಕೊಳ್ಳಿ, ಜೊತೆಗೆ ಪಕ್ಕದ ಅಘನಾಶಿನಿ ಹೊಳೆ. ಸಾಕು.

ಶುಕ್ರವಾರ ರಾತ್ರಿ ಮಾತ್ರ ಹೊರಡಬೇಡಿ. ಇಡೀ ದಿನ ದುಡಿದ ಕಣ್ಣು ಅದು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ, ರಾತ್ರಿಯೆಲ್ಲ ಟ್ಯಾಂಕರ್, ಲಾರಿಗಳ ಸಾಲು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಬರುತ್ತಿದ್ದ ತರಕಾರಿ ಲಾರಿ ಅಲ್ಲೇ ಬೆಳಗಿನ ಜಾವ ಕಣಿವೆಗೆ ಬಿತ್ತು. ಹತ್ತು ಜನ ಹೋದರು. ನಮ್ಮೂರ ಬುಧವಾರದ ಸಂತೆಗೆ ಹೊರಟವರು. ಆ ದಿನದ ಸಂತೆ ನನಗೆ ಇನ್ನೂ ಮರೆತಿಲ್ಲ. ಅದಕ್ಕೇ ಹೇಳುತ್ತೇನೆ, ಶುಕ್ರವಾರ ಮನೆಯಲ್ಲಿ ಮಲಗಿ, ಶನಿವಾರ 5 ಗಂಟೆಗೆ ಹೊರಡಿ. ಯಲ್ಲಾಪುರದಲ್ಲಿ ತಿಂಡಿ, ಬಿಸಿಲು ಬಿದ್ದ ಮೇಲೆ ಘಟ್ಟ. 10 ಗಂಟೆಯೊಳಗೆ ಗೋಕರ್ಣದಲ್ಲಿರುತ್ತೀರಿ.

ಲೆಕ್ಕ ಹೀಗಿಟ್ಟುಕೊಳ್ಳಿ. ಹೋಗಿ ಬರುವುದು, ಅಲ್ಲಿನ ಓಡಾಟ ಎಲ್ಲ ಸೇರಿ 350 ಕಿಲೋಮೀಟರ್ ಆಸುಪಾಸು. ಹಳೇ ಕಾರು ಲೀಟರಿಗೆ 15 ಕೊಟ್ಟರೂ ಪೆಟ್ರೋಲಿಗೆ 2,500, ಪಾರ್ಕಿಂಗು, ಪಂಕ್ಚರು ಅಂತ ಇನ್ನೊಂದು 500. ರೂಮಿಗೆ 3,000 ದಾಟಬೇಡಿ. ಸಮುದ್ರ ಕಾಣುವ ಕಿಟಕಿಗೆ ದುಡ್ಡು ಕೊಡಬೇಡಿ, ಹೇಗೂ ಮಲಗುವ ಹೊತ್ತಿಗೆ ಕತ್ತಲೆ ಅಲ್ವಾ. ಪೇಟೆಯೊಳಗಿನ ಸಾದಾ ರೂಮು ಹುಡುಕಿ. ಊಟ-ತಿಂಡಿಗೆ ತಲೆಗೆ 600ರಂತೆ 3,000. ಉಳಿದ 1,000 ಮುಟ್ಟಬೇಡಿ, ಕಾರಿಗೋ ಹೊಟ್ಟೆಗೋ ಏನಾದರೂ ಆದರೆ ಇರಲಿ. ಡಿಸೆಂಬರ್ ಕೊನೆ ವಾರ ಮತ್ತು ಶಿವರಾತ್ರಿ ರಥದ ಹೊತ್ತಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಆಗ ಬರಲೇಬೇಡಿ.

ಅಲ್ಲಿ ಹೋದ ಮೇಲೆ ಕಾರು ಮರೆತುಬಿಡಿ. ಕುಡ್ಲೆ ಬೀಚಿನಿಂದ ಗುಡ್ಡ ಹತ್ತಿ ಇಳಿದರೆ ಓಂ ಬೀಚು. ಕೆಂಪು ಮುರಕಲ್ಲಿನ ಮೇಲೆ ನಡೆಯುವಾಗ ಎಡಕ್ಕೆ ಗೇರು ಗಿಡ, ಬಲಕ್ಕೆ ಕೆಳಗೆ ನೀರು. ಒಂದು ಪೈಸೆ ಖರ್ಚಿಲ್ಲ. ನೀರಿನ ಬಾಟ್ಲಿ, ಒಳ್ಳೆ ಚಪ್ಪಲಿ ಇದ್ದರೆ ಸಾಕು.

ಈಗ ನೀವು ಕೇಳದೇ ಇದ್ದದ್ದು. 1998ರಲ್ಲಿ ನಾವು ನಾಲ್ವರು ಗೆಳತಿಯರು ಹೀಗೇ ಒಂದು ಭಾನುವಾರ ನೀರಿಗಿಳಿದೆವು. ಎಡಬಲದಲ್ಲಿ ತೆರೆ ಒಡೆಯುತ್ತಿತ್ತು, ನಡುವೆ ಒಂದು ಕಡೆ ನೀರು ಸುಮ್ನೆ ಇತ್ತು. ಇಲ್ಲೇ ಒಳ್ಳೇದು ಅಂತ ಅಲ್ಲೇ ನಿಂತೆವು. ನೀರು ಮೊಣಕಾಲು ದಾಟಿ ಸೊಂಟಕ್ಕೆ ಬಂತು. ಅಷ್ಟರಲ್ಲಿ ಕಾಲಡಿಯ ಮರಳು ಸರಿಯಿತು, ಒಬ್ಬಳು ನನ್ನ ಕೈ ಹಿಡಿದಿದ್ದಳು, ಹಾಗೇ ಜಾರಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವಳ ನಾಲ್ಕು ಉಗುರಿನ ಗೆರೆ. ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಇಬ್ಬರು ಹಗ್ಗ ಹಿಡಿದು ಓಡಿ ಬರದೇ ಇದ್ದರೆ ಅವಳು ಇವತ್ತು ಇರುತ್ತಿರಲಿಲ್ಲ.

ಆಮೇಲೆ ಅವರೇ ತೋರಿಸಿಕೊಟ್ಟರು. ತೆರೆ ಹೊತ್ತು ತಂದ ನೀರು ಮತ್ತೆ ಸಮುದ್ರಕ್ಕೆ ಹೋಗಲೇಬೇಕಲ್ಲ, ಅದು ಮರಳು ತಗ್ಗಾದ ಕಡೆ ಒಟ್ಟಾಗಿ ಹೋಗುತ್ತದೆ. ಅಲ್ಲಿ ಆಳ ಜಾಸ್ತಿ, ತೆರೆ ಒಡೆಯುವುದಿಲ್ಲ, ಬಣ್ಣ ಸ್ವಲ್ಪ ಕಪ್ಪು. ಗೊತ್ತಿಲ್ಲದವರ ಕಣ್ಣಿಗೆ ಅದೇ ಶಾಂತ ಜಾಗ. ಆ ಸೆಳೆತಕ್ಕೆ ಸಿಕ್ಕರೆ ದಂಡೆ ಕಡೆ ಈಜಿ ದಣಿಯಬೇಡಿ. ಮೈ ಸಡಿಲ ಬಿಟ್ಟು ತೇಲಿ, ದಂಡೆಯ ಉದ್ದಕ್ಕೆ ಅಡ್ಡ ಸರಿಯಿರಿ, ಸೆಳೆತ ತಪ್ಪಿದ ಮೇಲೆ ಒಳಗೆ ಬನ್ನಿ. ಕುಡಿದವರು ನೀರಿಗಿಳಿಯಬಾರದು. ಸೂರ್ಯ ಮುಳುಗಿದ ಮೇಲೆ ಯಾರೂ ಇಳಿಯಬಾರದು. ಜೀವರಕ್ಷಕರು ಸೀಟಿ ಊದಿದರೆ ಅವರ ಜೊತೆ ವಾದ ಮಾಡದೇ ಹೊರಗೆ ಬನ್ನಿ ತಮ್ಮಾ.

ಭಾನುವಾರ ಬೆಳಿಗ್ಗೆ ತದಡಿಗೆ ಹೋಗಿ. ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ, ಬೇಸಿಗೆಯಾದರೆ ಬಿಳಿ ರಾಶಿ. ತದಡಿಯಲ್ಲಿ ಅಘನಾಶಿನಿ ಸಮುದ್ರ ಸೇರುತ್ತದೆ. ಈ ಹೊಳೆಗೆ ಎಲ್ಲೂ ಅಣೆಕಟ್ಟಿಲ್ಲ. 2024ರಲ್ಲಿ ಈ ಅಳಿವೆಗೆ ರಾಮ್‌ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಇಳಿತ ಯಾವಾಗ ಅಂತ ಮೊದಲೇ ಫೋನಲ್ಲಿ ನೋಡಿಕೊಳ್ಳಿ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಹೊಳೆಯೊಳಗೆ ನಡೆಯುತ್ತಾರೆ. ಕಾಲಬೆರಳಲ್ಲೇ ಕೆಸರು ತಡಕಿ, ಬಗ್ಗಿ, ಬೆಳಚು ಅನ್ನುವ ಚಿಪ್ಪುಜೀವಿ ಎತ್ತುತ್ತಾರೆ. ನಿಮ್ಮ ಕಡೆಯವರು ಚಿಪ್ಪಿಕಲ್ಲು ಅಂದರೂ ಅದೇ. ಬುಟ್ಟಿಯಲ್ಲಿ ಬಿದ್ದಾಗ ಒಂದೊಂದು ಬಾಯಿ ತುಸು ತೆರೆದಿರುತ್ತದೆ, ಬೆರಳು ತಾಗಿಸಿದರೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಫೋಟೋ ತೆಗೆಯುವ ಮೊದಲು ಅವರನ್ನು ಕೇಳಿ.

ಆಮೇಲೆ ಮಿರ್ಜಾನ್ ಕೋಟೆ. ಪಾಚಿ ಹತ್ತಿದ ಕೆಂಪು ಕಲ್ಲು, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಅಂಟಿಕೊಂಡ ಜಾಗ. ಒಂದು ಗಂಟೆ ಸಾಕು. ಮಧ್ಯಾಹ್ನ 2ಕ್ಕೆ ಬಿಟ್ಟರೆ ಬೆಳಕಿರುವಾಗಲೇ ಘಟ್ಟ ಹತ್ತುತ್ತೀರಿ.

ಪ್ರಶ್ನೆ: ಜುಲೈಯಲ್ಲಿ ರೂಮು ಅಗ್ಗ, ಜನವೂ ಕಡಿಮೆ. ಆಗಲೇ ಹೋದರೆ ಒಳ್ಳೆಯದಲ್ವಾ?
— ಓದುಗಿ, ದಾವಣಗೆರೆ

ಉತ್ತರ: ಬೇಡಮ್ಮಾ. ಸಮುದ್ರ ಆಗ ನಮ್ಮದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಇಳಿಯುವುದಿಲ್ಲ, ಹಾಗಾಗಿ ತಾಜಾ ಮೀನೂ ಕಡಿಮೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಪಕ್ಕದ ಚಹಾದಂಗಡಿ, ಜನ, ಲಾರಿ ಎಲ್ಲ ಮಣ್ಣಿಗೂ ಗಂಗಾವಳಿ ಹೊಳೆಗೂ ಹೋದವು. ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಂಕೋಲಾದಿಂದ ಗೋಕರ್ಣಕ್ಕೆ ನೀವು ಹೋಗುವುದೂ ಅದೇ ಹೆದ್ದಾರಿಯಲ್ಲಿ. ನವೆಂಬರಿನಿಂದ ಫೆಬ್ರುವರಿ ಒಳಗೆ ಬನ್ನಿ.

ಪ್ರಶ್ನೆ: ನಮ್ಮಲ್ಲಿ ಇಬ್ಬರು ಮೀನು ತಿನ್ನುವುದಿಲ್ಲ. ಬಿಲ್ಲು ಸಮ ಹಂಚಬೇಕಾ? ಕಳೆದ ಸಲ ಇದಕ್ಕೇ ಮನಸ್ತಾಪ ಆಯಿತು.
— ಓದುಗ, ಹಾವೇರಿ

ಉತ್ತರ: ಪೆಟ್ರೋಲು, ರೂಮು ಸಮ ಹಂಚಿ. ಊಟದ ದುಡ್ಡು ಅವರವರದು. ಊಟದ ಜೊತೆ ಕರಿದ ಮೀನು ಸೇರಿದರೆ ಬಿಲ್ಲು ದುಪ್ಪಟ್ಟಾಗುತ್ತದೆ, ಅನ್ನ-ಸಾರು ಉಂಡವನು ಅದನ್ನು ಯಾಕೆ ಕಟ್ಟಬೇಕು? ಹೊರಡುವ ಮೊದಲೇ ಇದನ್ನು ಮಾತಾಡಿಕೊಳ್ಳಿ, ಬಿಲ್ಲು ಬಂದ ಮೇಲಲ್ಲ. ದುಡ್ಡು ಕೇಳಲು ನಾಚದ ಒಬ್ಬನ ಕೈಗೆ ಲೆಕ್ಕ ಕೊಡಿ. ಬೆಲೆ ಕೇಳದೇ ಇಸ್ವಾಣ ಮೀನು ಹೇಳಬೇಡಿ, ಬಂಗಡೆ ಅಗ್ಗ, ರುಚಿಯಲ್ಲಿ ಏನೂ ಕಡಿಮೆ ಇಲ್ಲ. ಆ ಇಬ್ಬರಿಗೆ ಬೆಳಿಗ್ಗೆ ಬನ್ಸ್ ಕೊಡಿಸಿ, ಬಿಸಿಲು ಏರಿದ ಮೇಲೆ ಮುರುಗಲು (ಕೋಕಂ) ಶರಬತ್ತು.