ಕೈಗವಸು ಜಾರದಂತೆ ಹೆಣೆಯುವುದು ಹೇಗೆ?

ಪ್ರಶ್ನೆ: ಹತ್ತಿ ದಾರದಿಂದ ಕ್ರೋಶಾದಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆ) ಹೆಣೆದ ಬೆರಳಿಲ್ಲದ ಕೈಗವಸು ಕೆಲವೇ ದಿನಗಳಲ್ಲಿ ಸಡಿಲಗೊಂಡು ಜಾರುತ್ತಿದೆ. ಪರಿಹಾರವೇನು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹತ್ತಿ ದಾರ ಒಮ್ಮೆ ಹಿಗ್ಗಿದರೆ ಸುಲಭವಾಗಿ ಮರಳಿ ಕುಗ್ಗುವುದಿಲ್ಲ. ಅಕ್ರಿಲಿಕ್ ಎಂಬ ಕೃತಕ ನೂಲು ಅಗ್ಗ, ಒಗೆಯಲೂ ಸುಲಭ. ಆದರೆ ನಿಮ್ಮೂರಿನ ಮಳೆಗಾಲಕ್ಕೆ, ತುಸು ತೇವಗೊಂಡರೂ ಬೆಚ್ಚಗಿಡುವ ಉಣ್ಣೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಮಣಿಕಟ್ಟಿನಿಂದ ಬೆರಳುಗಳ ಬುಡದವರೆಗಿನ ಉದ್ದಕ್ಕೆ ಸರಪಳಿ ಹೆಣಿಗೆ ಹಾಕಿಕೊಂಡು, ಪ್ರತಿ ಸಾಲಿನಲ್ಲೂ ಹಿಂದಿನ ಸಾಲಿನ ಎರಡೂ ಎಳೆಗಳಿಗೆ ಬದಲಾಗಿ ಹಿಂಬದಿಯ ಎಳೆಗೆ ಮಾತ್ರ ಕಡ್ಡಿ ತೂರಿಸಿ ಸಿಂಗಲ್ ಕ್ರೋಶಾ (ಕ್ರೋಶಾದ ಸರಳ ಮೂಲ ಹೆಣಿಗೆ) ಹೆಣೆಯುತ್ತ ಹೋದರೆ, ಎಳೆದಾಗ ಹಿಗ್ಗಿ ಬಿಟ್ಟಾಗ ಕುಗ್ಗುವ ಉಬ್ಬುಗೆರೆಗಳು ಮೂಡುತ್ತವೆ. ಮಧ್ಯಮ ದಪ್ಪದ ನೂಲಿಗೆ 4 ಅಥವಾ 5 ಮಿ.ಮೀ. ಕಡ್ಡಿ ಹೊಂದುತ್ತದೆ. ಅಂಗೈ ಸುತ್ತಳತೆ 18 ಸೆಂ.ಮೀ. ಇದ್ದರೆ ಹೀಗೆ ಸಾಲು ಸಾಲಾಗಿ ಬೆಳೆಯುವ ಪಟ್ಟಿ 16 ಸೆಂ.ಮೀ. ಆದರೆ ಸಾಕು, ಅದನ್ನು ಮಡಚಿ ಅಂಚುಗಳನ್ನು ಹೊಲಿಯುವಾಗ ಹೆಬ್ಬೆರಳಿಗೆ ಸುಮಾರು 5 ಸೆಂ.ಮೀ. ಕಂಡಿ ಬಿಡಿ.