ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ವಾ?

ಸಹೋದರಿ, ದಾವಣಗೆರೆಯ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆಯಲ್ಲಿ ಮಗುವಾಗಿದ್ದಾಗಲೇ ನಿಮಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆಗಿದೆ, ಆಮೇಲೆ ನಂಬಿಕೆಯನ್ನು ನೀವೇ ಒಪ್ಪಿಕೊಳ್ಳುವ ದೃಢೀಕರಣವೂ ಆಗಿದೆ. ಈಗ ಮದುವೆಯಾಗುವ ಹುಡುಗನ ಸಭೆಯವರು ನೀರಲ್ಲಿ ಮುಳುಗಿ ಮತ್ತೆ ತಗೊಳ್ಳಿ ಅಂತಿದ್ದಾರೆ, ಹಳೆಯದು ಲೆಕ್ಕಕ್ಕಿಲ್ವಾ ಅಂತ ಕೇಳಿದ್ದೀರಿ. ಖಂಡಿತ ಲೆಕ್ಕಕ್ಕಿದೆ ಅಂತಲೇ ನನ್ನ ನಂಬಿಕೆ.

ಅವರ ಮಾತಿಗೂ ಬುಡ ಇದೆ. ಬ್ಯಾಪ್ಟಿಸಂ ಅನ್ನುವುದರ ಮೂಲ ಗ್ರೀಕ್ ಪದದ ಅರ್ಥವೇ ಮುಳುಗಿಸು ಅಂತ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಅದನ್ನು ಕ್ರಿಸ್ತನ ಜೊತೆ ಹೂಣಲ್ಪಟ್ಟು ಹೊಸ ಬದುಕಿಗೆ ಏಳುವುದು ಅನ್ನುತ್ತಾನೆ. ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ನನ್ನ ಗೆಳೆಯನ ದೀಕ್ಷಾಸ್ನಾನ ನೋಡಿದ್ದೇನೆ. ಸೊಂಟದ ಮಟ್ಟ ನೀರು, ಮೈಮೇಲೆ ಬಿಳಿ ಅಂಗಿ. ಒಂದು ಗಳಿಗೆ ಅವನು ಕಾಣಲೇ ಇಲ್ಲ. ಆಮೇಲೆ ಬಾಯಿ ತೆರೆದು ಜೋರಾಗಿ ಉಸಿರೆಳೆದು ಎದ್ದ. ಆ ಉಸಿರಿನ ಸದ್ದಲ್ಲೇ ಪೌಲನ ಮಾತು ನನಗೆ ಅರ್ಥವಾಗಿದ್ದು.

ಆದರೂ ನೀರು ಎಷ್ಟು ಅನ್ನುವುದೇ ಎಲ್ಲವೂ ಅಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ದೀಕ್ಷಾಸ್ನಾನ ಕೊಡಿ ಅಂತ ಮತ್ತಾಯನ ಸುವಾರ್ತೆ 28:19ರಲ್ಲಿದೆ. ಆ ಹೆಸರಲ್ಲಿ ನೀರಿನಿಂದ ಕೊಟ್ಟದ್ದನ್ನು ಸಿಎಸ್‌ಐ ಆಗಲಿ ಕ್ಯಾಥೊಲಿಕ್ ಸಭೆ ಆಗಲಿ ಎರಡನೇ ಸಲ ಕೊಡುವುದಿಲ್ಲ. ಮಗುವಿಗೆ ಏನು ಗೊತ್ತಿತ್ತು ಅಂತ ಹುಡುಗನ ಸಭೆಯವರು ಕೇಳಬಹುದು. ಅದಕ್ಕೇ ದೃಢೀಕರಣ ಇರುವುದು. ಅವತ್ತು ಸಭೆಯ ಮುಂದೆ ನಿಂತು ನೀವೇ ಬಾಯಿಬಿಟ್ಟು ಒಪ್ಪಿಕೊಂಡಿರಿ, ಅಲ್ವಾ?

ಮದುವೆ ಹತ್ತಿರ ಬಂತು ಅಂತ ಸುಮ್ನೆ ಮುಳುಗಿ ಎದ್ದು ಬರಬೇಡಿ. ಹುಡುಗನನ್ನೂ ಕರೆದುಕೊಂಡು ಹೋಗಿ ಎರಡೂ ಕಡೆಯ ಸಭಾಪಾಲಕರ ಹತ್ತಿರ ಕೂತು ಮಾತಾಡಿ.