ಗೀಸರ್ ಸದಾ ಆನ್ ಇರಬೇಕೇ?

ಪ್ರಶ್ನೆ: ನಮ್ಮದು 15 ಲೀಟರ್ ಗೀಸರ್, ಬೋರ್‌ವೆಲ್ ನೀರು. ಇಡೀ ದಿನ ಆನ್ ಇಟ್ಟರೆ ಕರೆಂಟ್ ಉಳಿಯುತ್ತದೆ ಎನ್ನುತ್ತಾರೆ, ನಿಜವೇ? ಈಚೆಗೆ ಕಾಯುವಾಗ ಕಟಕಟ ಸದ್ದೂ ಬರುತ್ತಿದೆ.

ಉತ್ತರ: ಖಂಡಿತ ಉಳಿಯುವುದಿಲ್ಲ. 25 ಡಿಗ್ರಿಯ 15 ಲೀಟರ್ ನೀರು 60 ಡಿಗ್ರಿಗೆ ಏರಲು ಸುಮಾರು 0.6 ಯೂನಿಟ್ ಸಾಕು. 2000 ವಾಟ್ ಗೀಸರ್‌ಗೆ 20 ನಿಮಿಷದ ಕೆಲಸ. ಆಮೇಲೂ ಆನ್ ಇದ್ದರೆ, ಒಳತೊಟ್ಟಿಯ ನೀರು ತಣಿದಾಗಲೆಲ್ಲ ಥರ್ಮೋಸ್ಟಾಟ್ (ಬಿಸಿ ನಿಯಂತ್ರಿಸುವ ಸ್ವಿಚ್) ಮತ್ತೆ ಕಾಯಿಸುತ್ತಲೇ ಇರುತ್ತದೆ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಆರಿಸಿಬಿಡಿ.

ಸದ್ದಿಗೆ ಕಾರಣ ಬಹುಮಟ್ಟಿಗೆ ಗಡಸು ನೀರಿನ ಸುಣ್ಣ. ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿದರೆ ಶಾಖ ನೀರಿಗೆ ಸರಿಯಾಗಿ ದಾಟದೆ ಕಾಯಿಲ್ಲೇ ಸುಟ್ಟುಹೋಗಬಹುದು. ಥರ್ಮೋಸ್ಟಾಟನ್ನು 55ಕ್ಕೆ ಇಳಿಸಿ. ನೀರು ಹೆಚ್ಚು ಕಾದಷ್ಟೂ ಸುಣ್ಣ ಜಾಸ್ತಿ. ವರ್ಷಕ್ಕೊಮ್ಮೆ ಮೆಕ್ಯಾನಿಕ್‌ನಿಂದ ಕಾಯಿಲ್ ಶುಚಿ ಮಾಡಿಸುವಾಗ ಆನೋಡ್ ರಾಡನ್ನೂ (ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಲೋಹದ ಕಡ್ಡಿ) ನೋಡಿಸಿ. ಅದು ಸವೆದಿದ್ದರೆ ತಪ್ಪದೆ ಬದಲಿಸಿ, ಇಲ್ಲದಿದ್ದರೆ ತುಕ್ಕು ತೊಟ್ಟಿಯನ್ನೇ ತಿನ್ನುತ್ತದೆ.